ನಾಲ್ವರ ಶ್ರುತಿ: ಸ್ಟ್ರಿಂಗ್ ಕ್ವಾರ್ಟೆಟ್ ಕಟ್ಟಿ ನಡೆಸುವವರಿಗೆ

ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ನಿರ್ದೇಶಕರಿಲ್ಲ, ತಾಳ ಹಾಕುವವರಿಲ್ಲ, ಹಿಂದೆ ತಂಬೂರಿಯೂ ಇಲ್ಲ. ಶ್ರುತಿ, ಲಯ, ಕಮಾನಿನ ದಿಕ್ಕು, ಹೊಸ ಕೃತಿಯ ಹಣ, ಎಲ್ಲವನ್ನೂ ನಾಲ್ವರೇ ಕೂತು ಗೊತ್ತುಮಾಡಿಕೊಳ್ಳಬೇಕು. ಕ್ವಾರ್ಟೆಟ್‌ನಲ್ಲಿ ಕೆಡುವುದರಲ್ಲಿ ಬಹುಪಾಲು ಕೆಡುವುದು ಆ ತೀರ್ಮಾನ ತಡವಾದಾಗಲೇ.

ಶ್ರುತಿಯಿಂದಲೇ ಶುರುಮಾಡೋಣ. ಪಿಟೀಲಿನ ತಂತಿಗಳು, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಕೆಳಗಿನಿಂದ ಜಿ, ಡಿ, ಎ, ಇ. ವಯೋಲಾದ್ದು ಸಿ, ಜಿ, ಡಿ, ಎ. ಚೆಲ್ಲೊದ್ದೂ ಅವೇ, ಒಂದು ಸ್ಥಾಯಿ ಕೆಳಗೆ. ಕರ್ನಾಟಕ ಸಂಗೀತದಲ್ಲಿ ಪಿಟೀಲನ್ನು ಸ-ಪ-ಸ-ಪ ಎಂದು ಸೇರಿಸುವುದರಿಂದ ಆಧಾರ ಷಡ್ಜ ಒಂದೇ. ಇಲ್ಲಿ ಪ್ರತಿ ತಂತಿಯೂ ಪಕ್ಕದ ತಂತಿಗೆ ಪಂಚಮ, ಆ ಪಂಚಮಕ್ಕೆ ಇನ್ನೊಂದು ಪಂಚಮ. ತೊಡಕು ಹುಟ್ಟುವುದು ಅಲ್ಲೇ. ಎಲ್ಲ ಪಂಚಮಗಳನ್ನೂ ಶುದ್ಧವಾಗಿ, 3:2ರ ಲೆಕ್ಕದಲ್ಲಿ ಸೇರಿಸಿದರೆ ಚೆಲ್ಲೊದ ಸಿ ಯಿಂದ ಪಿಟೀಲಿನ ಇ ತನಕ ನಾಲ್ಕು ಪಂಚಮ ಕೂಡುತ್ತವೆ. ಸ್ಥಾಯಿಗಳನ್ನು ಕಳೆದಾಗ ಉಳಿಯುವ ಅಂತರ 408 ಸೆಂಟ್. (ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್.) ಕಿವಿಗೆ ಹಿತವಾದ 5:4ರ ಅಂತರ ಗಾಂಧಾರ ಇರುವುದು 386ರಲ್ಲಿ. ಹೆಚ್ಚಾದ 22 ಸೆಂಟ್ ಅಂದರೆ 81:80. ನಾಟ್ಯಶಾಸ್ತ್ರದ ಭರತನ ಪ್ರಮಾಣಶ್ರುತಿಯನ್ನು (ಶ್ರುತಿ ಅಳೆಯುವ ಮೂಲಮಾನ) ಹಲವು ವಿದ್ವಾಂಸರು ಲೆಕ್ಕ ಹಾಕುವುದೂ ಇಷ್ಟಕ್ಕೇ. ಸಿ ಮೇಜರ್ ಸ್ವರಮೇಳದಲ್ಲಿ (ಸಿ, ಇ, ಜಿ ಒಟ್ಟಿಗೆ ನುಡಿಯುವುದು) ಬೆರಳೊತ್ತದ ಬಿಡಿ ತಂತಿಗಳು ಕೂಡಿದಾಗ ಕರ್ಕಶವಾಗುವುದು ಇದರಿಂದ. ಎಲ್ಲರೂ ಮೊದಲ ಪಿಟೀಲಿನ ಕಡೆ ನೋಡುತ್ತಾರೆ. ತಪ್ಪು ಸಾಮಾನ್ಯವಾಗಿ ತಳದಲ್ಲಿ, ಚೆಲ್ಲೊದ ಸಿ ತೀರಾ ಕೆಳಗೆ ಕೂತಿರುತ್ತದೆ.

ಪರಿಹಾರ ಹೀಗೆ. ಒಬ್ಬರು ಎ ಕೊಡಲಿ (ಸೆಕೆಂಡಿಗೆ 440 ಕಂಪನ, ಅಥವಾ ಊರಿನ ರೂಢಿಯಂತೆ 442). ಉಳಿದವರು ಒಬ್ಬೊಬ್ಬರಾಗಿ ಸೇರಿಸಿಕೊಳ್ಳಲಿ. ನಾಲ್ವರೂ ಒಟ್ಟಿಗೆ ಉಜ್ಜಿದರೆ ಯಾರಿಗೂ ಏನೂ ಕೇಳಿಸದು. ಪ್ರತಿ ಪಂಚಮವನ್ನೂ ಸುಮಾರು 2 ಸೆಂಟ್ ಕಿರಿದು ಮಾಡಿ. ಯಂತ್ರ ಬೇಡ, ಅಲೆ (ಎರಡು ತಂತಿ ಕೂಡಿದಾಗ ದನಿ ಏರಿಳಿಯುವುದು) ಎಣಿಸಿದರೆ ಸಾಕು: ಪಿಟೀಲಿನ ಎ-ಇ ಜೊತೆಯಲ್ಲಿ ಎರಡು ಸೆಕೆಂಡಿಗೆ ಸುಮಾರು ಮೂರು ಅಲೆ, ಡಿ-ಎ ಯಲ್ಲಿ ಸೆಕೆಂಡಿಗೆ ಒಂದು. ಚೆಲ್ಲೊದ ಸಿ-ಜಿ ಯಲ್ಲಿ ಒಂದೇ ಅಲೆ ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ, ಆದ್ದರಿಂದ ಅಲ್ಲಿ ಆತುರ ಬೇಡ. ಕೊನೆಗೆ ಚೆಲ್ಲೊ ಮತ್ತು ವಯೋಲಾದ ಸಿ ಯನ್ನು ಪಿಟೀಲಿನ ಇ ಜೊತೆ ನುಡಿಸಿ ನೋಡಿ. ಇನ್ನೂ ಉಳಿಯುವ 14 ಸೆಂಟನ್ನು ಬೆರಳೇ ತೀರಿಸಬೇಕು: ಸಿ ಸ್ವರಮೇಳದಲ್ಲಿ ಬಿಡಿ ಇ ಬಿಟ್ಟು, ಎ ತಂತಿಯ ಮೇಲೆ ನಾಲ್ಕನೇ ಬೆರಳಿಟ್ಟು ಒಂದಿಷ್ಟು ತಗ್ಗಿಸಿ. ಇನ್ನೂ ಕಿರಿದಾದ ಪಂಚಮದಿಂದಲೇ ಗಾಂಧಾರ ಶುದ್ಧಮಾಡಲು ಹೋದರೆ ಬಿಡಿ ತಂತಿಗಳು ತಾವೇ ಅಲುಗಾಡುತ್ತವೆ.

ಸ್ವರಮೇಳದ ಅಭ್ಯಾಸವೂ ತಳದಿಂದಲೇ. ಬೆರಳಿನ ಕಂಪನವಿಲ್ಲದೆ (ವೈಬ್ರಾಟೊ), ಮಧ್ಯಮ ಗಾತ್ರದ ದನಿಯಲ್ಲಿ, ಮೊದಲು ಚೆಲ್ಲೊ ಆಧಾರಸ್ವರ ಹಿಡಿಯಲಿ. ಅದರ ಮೇಲೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ, ಆಮೇಲೆ ಪಂಚಮ, ಗಾಂಧಾರ ಎಲ್ಲಕ್ಕಿಂತ ಕೊನೆಗೆ. ದೀರ್ಘವಾಗಿ ನಿಲ್ಲುವ ಸ್ವರಮೇಳದಲ್ಲಿ ಗಾಂಧಾರ ತಗ್ಗಿರಬೇಕು. ಓಡುವ ರಾಗದ ಎಳೆಯಲ್ಲಿ ಷಡ್ಜಕ್ಕೆ ಹತ್ತುವ ನಿಷಾದ ಸ್ವಲ್ಪ ಏರಿದ್ದರೇ ಚೆನ್ನ. ಒಂದೇ ಸ್ವರಕ್ಕೆ ಎರಡು ಜಾಗ ಇರಬಹುದೆಂದು ಗಮಕ ಬಲ್ಲ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಲಯದಲ್ಲಿ ಒಂದು ನಿಯಮ ಹಿಡಿಯಿರಿ: ಆ ಕ್ಷಣ ಯಾರ ಬಳಿ ಅತಿ ಸಣ್ಣ ಅವಧಿಯ, ಬೇಗ ಓಡುವ ಸ್ವರಗಳಿವೆಯೋ ಲಯ ಅವರ ಕೈಯಲ್ಲಿ. ಹೆಚ್ಚು ಸಲ ಅದು ಎರಡನೇ ಪಿಟೀಲು ಅಥವಾ ವಯೋಲಾ. ಆರಂಭದ ಸೂಚನೆಗೆ ಎಳೆಯುವ ಉಸಿರು ಬರಲಿರುವ ಲಯದ ಒಂದು ಎಣಿಕೆಯಷ್ಟೇ ಉದ್ದ ಇರಬೇಕು. ಉಸಿರು ನಿಧಾನವಾಗಿ ಎಳೆದು ನುಡಿಸುವಿಕೆ ಚುರುಕಾಗಿ ಶುರುವಾದರೆ ಮೂವರು ಹಿಂದೆ ಬೀಳುತ್ತಾರೆ. ಕಮಾನಿನ ದಿಕ್ಕನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದೇ ಎಳೆಯನ್ನು ಇಬ್ಬರು ನುಡಿಸುವಾಗ ಕಮಾನಿನ ಯಾವ ಭಾಗ, ಎಷ್ಟು ಉದ್ದ ಎಂಬುದನ್ನೂ ಬರೆಯಿರಿ. 1825ರಲ್ಲಿ ಬೀಥೋವನ್ ತಮ್ಮ ಓಪಸ್ 127 ಕ್ವಾರ್ಟೆಟ್‌ನ ಅಭ್ಯಾಸಕ್ಕೆ ಕೂತಾಗ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಕಮಾನುಗಳ ಚಲನೆ ನೋಡಿಯೇ ಲಯದ ಏರುಪೇರು ತಿದ್ದುತ್ತಿದ್ದರು. ಭಿನ್ನಾಭಿಪ್ರಾಯ ಬಂದಾಗ ವಾದ ಬೆಳೆಸಬೇಡಿ. ಎರಡೂ ಬಗೆಯನ್ನು ಪೂರ್ತಿ ಮನಸ್ಸಿಟ್ಟು ನುಡಿಸಿ, ಧ್ವನಿಮುದ್ರಿಸಿ ಕೇಳಿ. ನಾಲ್ವರಲ್ಲಿ ಇಬ್ಬರು ಅತ್ತ ಇಬ್ಬರು ಇತ್ತ ಆಗುವುದು ಸಹಜ. ಆಗ ಈ ಕೃತಿಗೆ ಕೊನೆಯ ಮಾತು ಯಾರದ್ದು ಎಂದು ಮೊದಲೇ ಹಂಚಿಕೊಂಡಿರಿ.

ಇನ್ನು ಹೊಸ ಕೃತಿ ಬರೆಸುವ ವಿಚಾರ. 1822ರಲ್ಲಿ ರಷ್ಯಾದ ರಾಜಕುಮಾರ ಗಲಿಟ್ಸಿನ್ ಬೀಥೋವನ್‌ಗೆ ಪತ್ರ ಬರೆದು ಒಂದೋ ಎರಡೋ ಮೂರೋ ಕ್ವಾರ್ಟೆಟ್ ಬೇಕೆಂದು ಕೇಳಿದ. ಒಂದಕ್ಕೆ 50 ಡುಕಾಟ್ (ಅಂದಿನ ಚಿನ್ನದ ನಾಣ್ಯ) ಎಂದು ಗೊತ್ತಾಯಿತು. ಮೂರೂ ಕೃತಿಗಳು ಬಂದವು, ಹಣ ಮಾತ್ರ ಪೂರ್ತಿ ಬರಲಿಲ್ಲ; 1827ರಲ್ಲಿ ಬೀಥೋವನ್ ತೀರಿಕೊಂಡಾಗಲೂ ಬಾಕಿ ಇತ್ತು. ಇಂದಿಗೂ ಜಗಳ ಹುಟ್ಟುವುದು ಇಂಥ ಜಾಗದಲ್ಲೇ. ಒಪ್ಪಂದದಲ್ಲಿ ಇವಿರಲಿ: ಕೃತಿಯ ಅವಧಿ ನಿಮಿಷಗಳಲ್ಲಿ, ಅರ್ಧ ಹಣ ಸಹಿಯ ದಿನ, ಉಳಿದರ್ಧ ಪೂರ್ಣ ಪ್ರತಿ ಕೈಸೇರಿದ ದಿನ, ಬಿಡಿ ವಾದ್ಯಗಳ ಪ್ರತಿ ಸಿದ್ಧಪಡಿಸುವ ಖರ್ಚು ಯಾರದ್ದು (ಮರೆತುಹೋಗುವುದು ಇದೇ), ಮೊದಲ ಪ್ರದರ್ಶನದ ಹಕ್ಕು ಎಷ್ಟು ತಿಂಗಳು ನಿಮ್ಮದು, ಧ್ವನಿಮುದ್ರಣಕ್ಕೆ ಅನುಮತಿ. ಮೊದಲ ಮಾತುಕತೆಯಿಂದ ಪ್ರದರ್ಶನಕ್ಕೆ ಒಂದೂವರೆಯಿಂದ ಎರಡು ವರ್ಷ ಇಟ್ಟುಕೊಳ್ಳಿ, ಕೃತಿಯ ಪ್ರತಿ ಪ್ರದರ್ಶನಕ್ಕೆ ಮೂರು ತಿಂಗಳು ಮೊದಲೇ ಬರಲಿ. ನಡುವೆ ಒಮ್ಮೆ ಕರಡನ್ನು ಸಂಯೋಜಕರಿಗೆ ನುಡಿಸಿ ತೋರಿಸಿ. ಪುಟ ತಿರುಗಿಸಲು ಕೈ ಬಿಡುವಿಲ್ಲದ ಜಾಗ, ಬೆರಳಿಗೆ ಎಟುಕದ ಜೋಡಿಸ್ವರ, ಇವೆಲ್ಲ ಆ ದಿನವೇ ಹೊರಬೀಳುತ್ತವೆ.

ಗಮಕ ಬೇಡುವ ಕೃತಿಯಾದರೆ ಇನ್ನೂ ಎಚ್ಚರ. ಜಾರು ಎಲ್ಲಿ ಶುರುವಾಗಿ ಎಷ್ಟನೇ ಎಣಿಕೆಯಲ್ಲಿ ನಿಲ್ಲಬೇಕೆಂದು ಬರೆದಿರದಿದ್ದರೆ ನಾಲ್ವರು ನಾಲ್ಕು ಬಗೆಯಲ್ಲಿ ಜಾರುತ್ತಾರೆ. ಸಂಯೋಜಕರಿಂದ ಹಾಡಿಸಿ ಮುದ್ರಿಸಿಕೊಳ್ಳಿ. 1973ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಕ್ರೋನೋಸ್ ಕ್ವಾರ್ಟೆಟ್, ಎಳೆಯ ತಂಡಗಳಿಗೆಂದು ಐವತ್ತು ಹೊಸ ಕೃತಿ ಬರೆಸಿ ಪ್ರತಿಗಳನ್ನು ಉಚಿತವಾಗಿ ಹಂಚಿತು. ಉಸ್ತಾದ್ ಜಾಕಿರ್ ಹುಸೇನ್ ಅವರ ‘ಪಲ್ಲವಿ’ಯೂ ಅದರಲ್ಲಿದೆ. ಕಲಿಯುವವರು ಅಲ್ಲಿಂದ ಶುರುಮಾಡಬಹುದು.

ಪಾಠದ ವಿಷಯ ಚಿಕ್ಕದು. ವಿದ್ಯಾರ್ಥಿಗಳ ಕ್ವಾರ್ಟೆಟ್‌ಗೆ ಒಂದು ಗಂಟೆಯಲ್ಲಿ ಹದಿನಾರು ಇಪ್ಪತ್ತು ಅಳತೆಗಿಂತ (ಬಾರ್, ಗೆರೆಯಿಂದ ಗೆರೆಗೆ ಬರೆದ ತುಂಡು) ಹೆಚ್ಚು ಹಿಡಿಯಬೇಡಿ. ನೀವು ನುಡಿಸಿ ತೋರಿಸಿದರೆ ಅವರು ನಿಮ್ಮ ನಕಲು ಮಾಡುತ್ತಾರೆ, ಒಬ್ಬರನ್ನೊಬ್ಬರು ಕೇಳುವುದಿಲ್ಲ. ಬದಲಿಗೆ ಎಳೆಗಳನ್ನು ಹಾಡಿಸಿ. ಎರಡನೇ ಪಿಟೀಲು, ವಯೋಲಾ ಇಬ್ಬರೇ ನುಡಿಸಲಿ, ಉಳಿದಿಬ್ಬರು ತಮ್ಮ ಎಳೆಯನ್ನು ಮನಸ್ಸಿನಲ್ಲಿ ಹಾಕಿಕೊಳ್ಳಲಿ. ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಅದೇ ಭಾಗ ನುಡಿಸಿ ಎನ್ನಿ: ಕಣ್ಣಿನ ಆಸರೆ ತಪ್ಪಿದ ಮೇಲೆ ಯಾರು ಯಾರನ್ನು ಕೇಳುತ್ತಿರಲಿಲ್ಲ ಎಂಬುದು ಎರಡನೇ ಅಳತೆಯಲ್ಲೇ ಗೊತ್ತಾಗುತ್ತದೆ, ಮುಂದಿನ ಅರ್ಧ ಗಂಟೆಯ ಪಾಠ ಅಲ್ಲಿಂದ ಶುರು.