ಸ್ಕಾಟ್ಲೆಂಡಿನ ನಮ್ಮ ಹಳೇ ಮನೆ ಯಾರ್ಯಾರದಾಗಿತ್ತು?

ಫೈಫ್‌ನ ಸಣ್ಣ ಊರೊಂದರಲ್ಲಿ ನಾವು ಕೊಂಡ ಕಲ್ಲಿನ ಮನೆ ಮೊದಲು ಯಾರ್ಯಾರ ಕೈಲಿತ್ತು ಅನ್ನೋ ಕುತೂಹಲ ಬಂತು. ನಮ್ಮೂರಲ್ಲಾದ್ರೆ ಇಸಿ ತೆಗೆಸ್ತೀವಲ್ವಾ, ಇಲ್ಲಿ ಅದಕ್ಕೆ ಹತ್ತಿರದ್ದು 1617ರಲ್ಲಿ ಶುರುವಾದ ಸಸೀನ್ಸ್ ರಿಜಿಸ್ಟರ್, ಅಂದ್ರೆ ಆಸ್ತಿ ಕೈ ಬದಲಾದ ಪತ್ರಗಳನ್ನು ನೋಂದಾಯಿಸೋ ಸರ್ಕಾರಿ ದಾಖಲೆ. 1981ರಿಂದ ಹಂತಹಂತವಾಗಿ ಅದರ ಬದಲಿಗೆ, ಈಗಿನ ಮಾಲೀಕರನ್ನು ತೋರಿಸೋ ಲ್ಯಾಂಡ್ ರಿಜಿಸ್ಟರ್ ಬಂದಿದೆ, ಆದರೆ ಹಳೇ ಮಾಲೀಕರನ್ನು ಹುಡುಕೋಕೆ ಅದು ಜಾಸ್ತಿ ಉಪಯೋಗವಿಲ್ಲ.

ಈಗಿನಿಂದ ಹಿಂದಕ್ಕೆ ಹೋಗಬೇಕು. ನಾನು ಮೊದಲು ತರಿಸಿದ್ದು ಸರ್ಚ್ ಶೀಟ್. 1870ರ ದಶಕದಿಂದ ಈಚೆಗೆ ಆ ಆಸ್ತಿಯ ಮಾರಾಟ, ಅಡಮಾನ ಎಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಅಲ್ಲಿವರೆಗೆ ಸುಲಭ.

ಅದರ ಹಿಂದೆ ಕಷ್ಟ. ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ದಾಖಲಾಗಾರದಲ್ಲಿ 1781ರಿಂದ ಸಸೀನ್ಸ್ ಪತ್ರಗಳ ಸಾರಾಂಶ ಸಂಪುಟಗಳಿವೆ, ಆದರೆ 1831ರಿಂದ 1871ರವರೆಗೆ ಸ್ಥಳದ ಹೆಸರಿನ ಸೂಚಿಯೇ ಇಲ್ಲ! ವ್ಯಕ್ತಿಯ ಹೆಸರು ಗೊತ್ತಿದ್ದರೆ ಮಾತ್ರ ಹುಡುಕಬಹುದು. ಆ ಹೆಸರು ಕೊಟ್ಟಿದ್ದು ವ್ಯಾಲ್ಯುಯೇಷನ್ ರೋಲ್. 1855ರಿಂದ ಪ್ರತಿ ವರ್ಷ ತೆರಿಗೆಗಾಗಿ ಬರೆದ ಪಟ್ಟಿ ಅದು, ಮಾಲೀಕ ಯಾರು, ಬಾಡಿಗೆದಾರ ಯಾರು, ವಾಸ ಇರೋದು ಯಾರು, ಮೂರಕ್ಕೂ ಬೇರೆ ಬೇರೆ ಅಂಕಣ. 1855, 1865ರ ರೋಲ್‌ಗಳು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಜನಗಣತಿಯಿಂದ ಶುರು ಮಾಡುವವರು ಬಹಳ, ಆದರೆ ಅದರಲ್ಲಿ ಇರೋದು ವಾಸ ಇದ್ದವರ ಹೆಸರು. ಆಗ ಹೆಚ್ಚಿನವರು ಬಾಡಿಗೆಯವರೇ.

ರೋಲ್‌ನಲ್ಲಿ ನಮ್ಮ ಬೀದಿಯ ಹೆಸರಿತ್ತು, ಮನೆ ನಂಬರ್ ಇರಲಿಲ್ಲ. ಮೂಲೆಯ ಹೋಟೆಲು, ಚರ್ಚಿನ ಮನೆ ಇಂಥ ಗುರುತು ಹಿಡಿದು, ನ್ಯಾಷನಲ್ ಲೈಬ್ರರಿಯವರು ಉಚಿತವಾಗಿ ಹಾಕಿರುವ ಹಳೇ ನಕ್ಷೆ ಪಕ್ಕದಲ್ಲಿಟ್ಟುಕೊಂಡು, ಅಕ್ಕಪಕ್ಕದವರ ಸಾಲನ್ನು ಒಂದು ರೋಲ್‌ನಿಂದ ಇನ್ನೊಂದಕ್ಕೆ ಹೊಂದಿಸುತ್ತಾ ಬಂದೆ. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸರಿಗೆ ತವರಿನ ಹೆಸರು, ಗಂಡನ ಹೆಸರು ಎರಡೂ ಬರೆಯುತ್ತಿದ್ದರು. ಇದರಿಂದ ಎಷ್ಟು ಅನುಕೂಲ ಅಂದ್ರೆ, ಅಳಿಯನ ಕೈಗೆ ಮನೆ ಹೋದದ್ದೂ ತಿಳಿಯುತ್ತದೆ.

ಮಾಲೀಕ ಸತ್ತ ಮೇಲೆ ದಾರಿ ತಪ್ಪುವುದುಂಟು. 1868ರವರೆಗೆ ಮನೆ, ಜಮೀನನ್ನು ಉಯಿಲಲ್ಲಿ ಸೀದಾ ಬರೆದುಕೊಡುವಂತಿರಲಿಲ್ಲ. ಹಾಗಾಗಿ ಉಯಿಲು ಹುಡುಕುತ್ತಾ ಕೂರಬೇಡಿ, ವಾರಸುದಾರರ ದಾಖಲೆಗೆ 'ಸರ್ವಿಸಸ್ ಆಫ್ ಏರ್ಸ್' ನೋಡಿ.

ಮನೆ ಕಟ್ಟಿದ್ದು ಯಾವಾಗ ಅಂತ ಸಸೀನ್ಸ್ ಸಾಮಾನ್ಯವಾಗಿ ಹೇಳುವುದಿಲ್ಲ, ಅದು ಜಾಗದ ದಾಖಲೆ. ಜಮೀನ್ದಾರ ಮೊದಲು ಆ ಜಾಗ ಕೊಟ್ಟ ಫ್ಯೂ ಚಾರ್ಟರ್ ಸಿಕ್ಕರೆ ಬಿಡಬೇಡಿ. ಇಷ್ಟು ಸಮಯದೊಳಗೆ ಮನೆ ಕಟ್ಟಬೇಕು ಅನ್ನೋ ಷರತ್ತು ಎಷ್ಟೋ ಸಲ ಅದರಲ್ಲೇ ಇರುತ್ತದೆ.