ಗಲ್ಲಾದ ಪಕ್ಕ ಕೂರುವ ಲ್ಯಾಪ್‌ಟಾಪ್

ನನ್ನದು ತುಮಕೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಹದಿನೆಂಟು ಅಂಗಡಿಗಳ ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ಕಿರಾಣಿ, ಬಟ್ಟೆ, ಹಾರ್ಡ್‌ವೇರ್, ಒಂದೆರಡು ಕೊಬ್ಬರಿ ಮಂಡಿ. ನನಗೆ ಆಫೀಸು ಅಂತ ಇಲ್ಲ. ನಾನೇ ಅಂಗಡಿಗೆ ಹೋಗಿ, ಒಂದು ಸ್ಟೂಲ್ ಎಳೆದುಕೊಂಡು ಕೂತು, ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಹತ್ತಿಸಿ ಬರುತ್ತೇನೆ. ಪ್ರತಿ ತಿಂಗಳು ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1 ಅಂದರೆ ಮಾರಾಟದ ವಿವರ, 20ಕ್ಕೆ 3ಬಿ ಅಂದರೆ ತೆರಿಗೆ ಲೆಕ್ಕದ ರಿಟರ್ನ್, ಇವು ಕೊನೆಯ ದಿನ. ಆ ದಿನಗಳಲ್ಲಿ ಬೈಕಿನ ಮೇಲೇ ನನ್ನ ಸಂಸಾರ.

ಹಳೆಯ ಲ್ಯಾಪ್‌ಟಾಪ್ 15.6 ಇಂಚಿನದು. ಚಾರ್ಜರ್ ಸೇರಿ ಎರಡೂಮುಕ್ಕಾಲು ಕೆಜಿ. ಬೆನ್ನಿನ ಮಾತು ಬಿಡಿ, ಅದನ್ನು ಇಡೋಕೆ ಅಂಗಡಿಯಲ್ಲಿ ಜಾಗ ಬೇಕಲ್ಲ? ಒಂದು ಕಡೆ ತಕ್ಕಡಿ, ಇನ್ನೊಂದು ಕಡೆ ಚಿಕ್ಕಿ ಡಬ್ಬ, ನಡುವೆ ಗಲ್ಲಾ. ಗಿರಾಕಿ ಬಂದಾಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಿ ತೊಡೆ ಮೇಲೆ ಇಟ್ಟುಕೊಳ್ಳಬೇಕಿತ್ತು.

ಹಾಗಾಗಿ ಚಿಕ್ಕದು ಬೇಕು ಅಂತ ಆತುರಪಟ್ಟೆ. ಆನ್‌ಲೈನ್‌ನಲ್ಲಿ 11.6 ಇಂಚಿನ ಹೊಚ್ಚ ಹೊಸದು ಅಗ್ಗಕ್ಕೆ ಕಂಡಿತು. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಕಂಪನಿಯ ಹೆಸರು ಬೇಡ, ತಪ್ಪು ನನ್ನದೂ ಇದೆ. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ವಿಂಡೋಸ್ ಅಪ್‌ಡೇಟ್ ಬಂತು, ಇಳಿಸಿಕೊಳ್ಳಲು ಜಾಗವೇ ಇಲ್ಲ. ಟ್ಯಾಲಿಯ ಜೊತೆ ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ತೆಗೆದರೆ ಮೌಸ್ ಬಾಣ ನಿಂತಲ್ಲೇ ನಿಲ್ಲುತ್ತಿತ್ತು. ರ್‍ಯಾಮ್ ಹಾಕಿಸೋಣ ಎಂದು ರಿಪೇರಿಯವನ ಹತ್ತಿರ ಒಯ್ದೆ. ಅವನು ಕೆಳಗಿನ ಮುಚ್ಚಳ ಬಿಚ್ಚಿ ತೋರಿಸಿದ: ರ್‍ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೇ ಬೆಸುಗೆ. 'ಇದರಲ್ಲಿ ಬದಲಾಯಿಸೋಕೆ ಸಿಗೋದು ಸ್ಕ್ರೂ ಮಾತ್ರ ಅಣ್ಣ' ಅಂದ. ಈಗ ಅದರಲ್ಲಿ ನನ್ನ ತಂಗಿಯ ಮಗ ಯೂಟ್ಯೂಬ್ ನೋಡುತ್ತಾನೆ.

ಎರಡನೇ ಸಲ ಕೊಳ್ಳುವ ಮೊದಲು ಅಳತೆ ತೆಗೆದೆ. ಬಟ್ಟೆ ಅಂಗಡಿಯ ಟೇಪ್ ಇಸ್ಕೊಂಡು ಕಿರಾಣಿ ಅಂಗಡಿಯ ಗಲ್ಲಾದ ಪಕ್ಕದ ಜಾಗ ಅಳೆದೆ: 13 ಇಂಚು. 15.6 ಇಂಚಿನ ಪರದೆಯ ಲ್ಯಾಪ್‌ಟಾಪ್ ಅಲ್ಲಿ ಕೂರುವುದಿಲ್ಲ. 12.5 ಇಂಚಿನ ಪರದೆಯದು ಸುಮಾರು 12 ಇಂಚು ಅಗಲ ಇರುತ್ತೆ, ಕೂರುತ್ತೆ. ಆ ಜಾಗವೇ ಸೈಜು ಹೇಳಿತು.

ಇನ್ನು ಏನೇನು ಚುಚ್ಚಬೇಕು ಅಂತ ಲೆಕ್ಕ ಹಾಕಿದೆ. ನನ್ನ ಗಿರಾಕಿಗಳಲ್ಲಿ ಇಬ್ಬರದು ಪ್ರೈವೇಟ್ ಲಿಮಿಟೆಡ್. ಅವರ ರಿಟರ್ನ್‌ಗೆ ಒಟಿಪಿ ನಡೆಯುವುದಿಲ್ಲ, ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿಯ ಟೋಕನ್ ಬೇಕು. ಅವರ ಟೋಕನ್ ಹಳೆಯ ಅಗಲದ ಯುಎಸ್‌ಬಿ ಕಿಂಡಿಗೇ ಹೋಗೋದು. ಟೈಪ್-ಸಿ ಕಿಂಡಿ ಮಾತ್ರ ಇರುವ ತೆಳ್ಳನೆಯ ಮಾದರಿಗಳು ನೋಡೋಕೆ ಚೆಂದ, ಆದರೆ ಬಾಲದ ಹಾಗೆ ಒಂದು ಕನೆಕ್ಟರ್ ಹೊತ್ತು ತಿರುಗಬೇಕು. 20ನೇ ತಾರೀಖು ಅದನ್ನೇ ಮನೆಯಲ್ಲಿ ಮರೆತರೆ? ಕ್ರೋಮ್‌ಬುಕ್, ಟ್ಯಾಬ್ಲೆಟ್ ಕೂಡ ನನಗೆ ಆಗದು. ಟ್ಯಾಲಿ ಪ್ರೈಮ್ ನಡೆಯೋಕೆ ವಿಂಡೋಸ್ ಬೇಕು.

ಆಗ 2025ರ ಆಗಸ್ಟ್. ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11 ಸರಿಯಾದ ದಾರಿಯಲ್ಲಿ ಹಾಕಬೇಕಾದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನದೋ ಆಮೇಲಿನದೋ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಊರ ಜನರ ಪಾನ್, ಬ್ಯಾಂಕ್ ಲೆಕ್ಕ ಎಲ್ಲ ನನ್ನ ಹತ್ತಿರ ಇರುವಾಗ ಅಡ್ಡದಾರಿ ಬೇಡ ಅನ್ನಿಸಿತು.

ಹೊಸದರಲ್ಲಿ ನನ್ನ ಕೈಗೆಟುಕುವ ಬೆಲೆಗೆ ಕಂಡಿದ್ದೆಲ್ಲ 14, 15.6 ಇಂಚಿನವೇ. ಹಾಗಾಗಿ ಸೆಕೆಂಡ್ ಹ್ಯಾಂಡ್. ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊದಲ್ಲಿ ಕೆ.ಆರ್. ಮಾರ್ಕೆಟ್, ಆಮೇಲೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ಗೆ ನಡಿಗೆ. ಬೆಂಗಳೂರಿನ ಕಂಪನಿಗಳು ಮೂರ್‍ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿ ಇಡ್ಲಿ ತಟ್ಟೆಯ ಹಾಗೆ ಒಂದರ ಮೇಲೊಂದು ಪೇರಿಸಿರುತ್ತವೆ.

ಎಲ್ಲ ಅಂಗಡಿಯಲ್ಲೂ ಮೊದಲ ಮಾತು ಒಂದೇ: 'ಐ5 ಸರ್, ಐ7 ಸರ್.' ಅದು ಅರ್ಧ ಮಾತು. ಐ5 ಆದಮೇಲೆ ಬರುವ ನಾಲ್ಕು ಅಂಕಿ ನೋಡಬೇಕು. 8250ಯು ಅಂದರೆ ಎಂಟನೇ ತಲೆಮಾರು, 6300ಯು ಅಂದರೆ ಆರನೆಯದು. ಆರನೆಯದರ ಐ7 ಕೊಟ್ಟರೂ ನನ್ನ ಪಟ್ಟಿಗೆ ಸೇರುವುದಿಲ್ಲ. ಈ ಲೆಕ್ಕದಲ್ಲಿ ನನ್ನ ಮನಸ್ಸು ಕದ್ದ ಥಿಂಕ್‌ಪ್ಯಾಡ್ ಎಕ್ಸ್270 ಎಂಬ ಲ್ಯಾಪ್‌ಟಾಪ್ ಕೈತಪ್ಪಿತು. ಎಂಥ ಕೀಬೋರ್ಡ್ ಅದು! ಎರಡು ಬ್ಯಾಟರಿ, ಹಿಂದಿನದನ್ನು ಬಿಚ್ಚಿ ಬೇರೆ ಹಾಕಬಹುದು. ಆದರೆ ಅದು ಏಳನೇ ತಲೆಮಾರಿಗೆ ನಿಂತುಹೋಯಿತು. ಅದರ ಮುಂದಿನ ಎಕ್ಸ್280ರಲ್ಲಿ ಎಂಟನೆಯದು ಇದೆ, ಆದರೆ ರ್‍ಯಾಮ್ ಬೆಸುಗೆ. ಬೆಸುಗೆ ಅಂದ ಕೂಡಲೇ ನನಗೆ ತಂಗಿಯ ಮಗ ನೆನಪಾಗುತ್ತಾನೆ. ಕೊನೆಗೆ ಉಳಿದದ್ದು ಡೆಲ್ ಲ್ಯಾಟಿಟ್ಯೂಡ್ 7290. ರ್‍ಯಾಮ್ ಬಿಚ್ಚಿ ಹಾಕಬಹುದು, ಎಸ್‌ಎಸ್‌ಡಿಯೂ ಅಷ್ಟೇ. ಅಗಲದ ಯುಎಸ್‌ಬಿ ಕಿಂಡಿಗಳಿವೆ, ಎಚ್‌ಡಿಎಂಐ ಇದೆ.

ಮಾದರಿ ಗೊತ್ತಾದ ಮೇಲೆ ನಿಜವಾದ ಕೆಲಸ ಶುರು. ಒಂದೇ ಮಾದರಿಯ ಐದು ಪೀಸ್ ಇದ್ದರೆ ಐದೂ ಬೇರೆ ಬೇರೆ. ನಾನು ಕೇಳಿದ್ದು ಒಂದು ಸ್ಟೂಲ್, ಅರ್ಧ ಗಂಟೆ ಸಮಯ. ಮೊದಲ ಅಂಗಡಿಯವನಿಗೆ ಅದು ಹಿಡಿಸಲಿಲ್ಲ. ಅವನು ಕೊಟ್ಟ ಪೀಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು powercfg /batteryreport ಎಂದು ಕೊಟ್ಟೆ. ಹೊಸದಾಗಿದ್ದಾಗ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತೆ ಎನ್ನುವ ಎರಡು ಅಂಕಿ ಅದರಲ್ಲಿ ಬರುತ್ತವೆ. ಈಗಿನದು ಅರ್ಧಕ್ಕಿಂತ ಕಡಿಮೆ ಇತ್ತು. 'ಬ್ಯಾಕಪ್ ನಾಲ್ಕು ಗಂಟೆ ಗ್ಯಾರಂಟಿ' ಎನ್ನುತ್ತಿದ್ದವನು ಸುಮ್ಮನಾದ.

ಎರಡನೇ ಅಂಗಡಿಯ ಹುಡುಗ ತಾಳ್ಮೆಯವನು. ಅಲ್ಲಿ ಸಾವಕಾಶವಾಗಿ ನೋಡಿದೆ. ನೋಟ್‌ಪ್ಯಾಡ್ ತೆಗೆದು ಪರದೆ ತುಂಬ ಬಿಳಿ ಮಾಡಿ ಕಲೆ ಹುಡುಕಿದೆ. ಪಕ್ಕದಿಂದ ಬಗ್ಗಿ ನೋಡಿದೆ. ಅಗ್ಗದ ಟಿಎನ್ ಪರದೆಯಾದರೆ ಪಕ್ಕದಿಂದ ಬಣ್ಣ ತಿರುಗುತ್ತೆ. ಅಂಗಡಿಯವರು ನನ್ನ ಪಕ್ಕದಲ್ಲೇ ನಿಂತು ಲೆಕ್ಕ ನೋಡೋದರಿಂದ ನನಗೆ ಪಕ್ಕದಿಂದಲೂ ಸರಿಯಾಗಿ ಕಾಣುವ ಐಪಿಎಸ್ ಪರದೆ ಬೇಕೇ ಬೇಕಿತ್ತು. ಕ.ಗ.ಪ. ಕೀಲಿಮಣೆ ವಿನ್ಯಾಸದಲ್ಲಿ ನಾಲ್ಕು ಸಾಲು ಕನ್ನಡ ಟೈಪ್ ಮಾಡಿದೆ. ಮಹಾಪ್ರಾಣಕ್ಕೆಲ್ಲ ಶಿಫ್ಟ್ ಒತ್ತಬೇಕಲ್ಲ, ಎಡಬಲದ ಎರಡೂ ಶಿಫ್ಟ್ ಪರೀಕ್ಷೆಯಾಯಿತು. ಪ್ರತಿ ಕಿಂಡಿಗೂ ಪೆನ್‌ಡ್ರೈವ್ ಚುಚ್ಚಿ ದೊಡ್ಡ ಫೈಲ್ ಕಾಪಿ ಮಾಡಿದೆ. ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್‌ಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿದೆ. ಕೇಳಿದರೆ ಅಲ್ಲಿಂದ ಎದ್ದು ಬರೋದೇ ವಾಸಿ.

ಇನ್ನೊಂದು ಮುಖ್ಯ. ಹುಡುಗನಿಗೆ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕು ಅಂದೆ. ಹಾಕುವಾಗ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟೆ. ಹಳೆಯ ಕಂಪನಿ ತನ್ನ ಪಟ್ಟಿಯಿಂದ ಲ್ಯಾಪ್‌ಟಾಪ್ ತೆಗೆದಿರದಿದ್ದರೆ, ಇಂಟರ್ನೆಟ್ ಸಿಕ್ಕ ಕೂಡಲೇ ಆ ಕಂಪನಿಯ ಲಾಗಿನ್ ಪುಟ ಬರುತ್ತೆ. ಇಂಟರ್ನೆಟ್ ಕೊಡದೆ ತೋರಿಸಿದರೆ ಇದು ಗೊತ್ತೇ ಆಗುವುದಿಲ್ಲ. ಪುಣ್ಯಕ್ಕೆ ಏನೂ ಬರಲಿಲ್ಲ.

8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಚಾರ್ಜರ್ ಸೇರಿ 18,500 ರೂಪಾಯಿ. 'ಬಿಲ್ ಬೇಡ ಅಂದ್ರೆ ಸಾವಿರ ಕಡಿಮೆ ಮಾಡ್ತೀನಿ ಸರ್' ಅಂದ ಹುಡುಗ. ನನ್ನ ಕಸುಬು ಏನು ಅಂತ ಹೇಳಿದೆ. ಇಬ್ಬರೂ ನಕ್ಕೆವು. ಸೀರಿಯಲ್ ನಂಬರ್ ಬರೆಸಿ, ಮೂರು ತಿಂಗಳ ವಾರಂಟಿ ಅಂತ ಅದರಲ್ಲೇ ನಮೂದಿಸಿ ಬಿಲ್ ತಗೊಂಡೆ.

ಮರುದಿನ ಕಿರಾಣಿ ಅಂಗಡಿಯವರು ನೋಡಿ, 'ಏನಣ್ಣಾ, ಆಟದ ಸಾಮಾನು ತಂದಿದ್ದೀರಾ?' ಅಂದರು. ಎತ್ತಿ ತಕ್ಕಡಿ ಮೇಲೆ ಇಟ್ಟೇ ಬಿಟ್ಟರು. ಚಾರ್ಜರ್ ಸೇರಿ 1 ಕೆಜಿ 620 ಗ್ರಾಂ.

ತೊಂದರೆ ಇಲ್ಲ ಅಂತಲ್ಲ. ಇಷ್ಟು ಚಿಕ್ಕದರಲ್ಲಿ ಬಲಗಡೆಯ ನಂಬರ್ ಕೀಲಿಗಳು ಇರುವುದಿಲ್ಲ. ಇಪ್ಪತ್ತು ವರ್ಷದಿಂದ ನೋಡದೆ ಅಂಕಿ ಹೊಡೆಯುವ ಕೈ ಮೊದಲ ವಾರ ಒದ್ದಾಡಿತು. ಯುಎಸ್‌ಬಿಯ ಒಂದು ಸಣ್ಣ ನಂಬರ್‌ಪ್ಯಾಡ್ ತಂದೆ. ಅದನ್ನು ಬಿಲ್ ಪುಸ್ತಕದ ಮೇಲೆ ಇಟ್ಟುಕೊಂಡು ಹೊಡೆಯುತ್ತೇನೆ. ಅಕ್ಷರಗಳೂ ಸಣ್ಣವು, ಕನ್ನಡಕದ ನಂಬರ್ ಈ ಸಲ ಕಾಲು ಏರಿದೆ. ಅದು ಲ್ಯಾಪ್‌ಟಾಪ್‌ನಿಂದಲೋ ವಯಸ್ಸಿನಿಂದಲೋ ಅಂತ ಮನೆಯಲ್ಲಿ ಇನ್ನೂ ವಾದ ನಡೆದಿದೆ. ರಾತ್ರಿ ಮನೆಗೆ ಬಂದಮೇಲೆ ಎಚ್‌ಡಿಎಂಐ ವೈರ್ ಹಾಕಿ ಹಳೆಯ ಮಾನಿಟರ್‌ನಲ್ಲಿ ನೋಡುತ್ತೇನೆ, ಅಕ್ಷರ ದೊಡ್ಡದಾಗಿ ಕಾಣುತ್ತವೆ.