ಮಾವಿನ ಬುಟ್ಟಿಯ ಪಕ್ಕ ಹೂದಾನಿ ಇಡಬೇಡಿ

ಒಂದು ವರ್ಷ ಮೇ ತಿಂಗಳಲ್ಲಿ ನೆಂಟರು ಬರುತ್ತಾರೆಂದು ಹಿಂದಿನ ಸಂಜೆಯೇ ಗುಲಾಬಿಗಳನ್ನು ಹೂದಾನಿಗೆ ಜೋಡಿಸಿ ಹಜಾರದಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮೇಜಿನ ತುಂಬ ದಳಗಳು. ಫ್ಯಾನನ್ನು ಬೈದೆ, ಗೊಬ್ಬರವನ್ನು ಬೈದೆ. ನಿಜವಾದ ಕಳ್ಳ ಮೇಜಿನ ಕೆಳಗೇ ಇದ್ದ: ಮಂಡ್ಯದಿಂದ ತಮ್ಮ ಕಳುಹಿಸಿದ್ದ ರಸಪುರಿ ಮಾವು, ಒಣಹುಲ್ಲಿನಲ್ಲಿ ಹದವಾಗಿ ಹಣ್ಣಾಗುತ್ತಿತ್ತು. ಮಾಗುವ ಮಾವು, ಬಾಳೆಗಳಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಕಾಯಿಯನ್ನು ಹಣ್ಣು ಮಾಡುವ ಆ ಅನಿಲವೇ ಹೂವಿಗೆ ಬೇಗ ಮುಪ್ಪು ತರುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಮಾವು ಉಗ್ರಾಣಕ್ಕೆ, ಹೂವು ಹಜಾರಕ್ಕೆ.

ದೇವರಿಗೆ ಮತ್ತು ಮುಡಿಗೆ ಹೂ ಕಿತ್ತು ಅಭ್ಯಾಸವಾದವರಿಗೆ ಕಾಂಡಸಮೇತ ಕತ್ತರಿಸಲು ಕೈ ಬರುವುದಿಲ್ಲ. ನಾನೂ ಮೊದಮೊದಲು ಎರಡು ಅಂಗುಲ ಕಾಂಡ ಬಿಟ್ಟು ಕತ್ತರಿಸಿ, ಆಮೇಲೆ ಹೂದಾನಿಯ ಬಾಯಿಗೂ ಎಟುಕದೆ ಪೇಚಾಡಿದ್ದೇನೆ. ಧಾರಾಳವಾಗಿ, ಒಂದೂವರೆ ಗೇಣಾದರೂ ಉದ್ದಕ್ಕೆ ಕತ್ತರಿಸಿ. ಬಿಸಿಲೇರುವ ಮೊದಲು, ಬೆಳಿಗ್ಗೆ ಆರೂವರೆಯ ಒಳಗೆ ಈ ಕೆಲಸ ಮುಗಿಯಬೇಕು. ರಾತ್ರಿಯೆಲ್ಲ ನೀರು ಹೀರಿದ ಕಾಂಡ ಆಗ ಬಿಗಿಯಾಗಿರುತ್ತದೆ. ನೀರು ತುಂಬಿದ ಬಕೆಟ್ಟನ್ನು ಗಿಡದ ಬುಡಕ್ಕೇ ಒಯ್ಯಿರಿ. ಕತ್ತರಿಸಿದ ಹೂವನ್ನು ಕೈಯಲ್ಲಿ ಹಿಡಿದು ಪಕ್ಕದ ಮನೆಯವರೊಂದಿಗೆ ಮಾತಿಗೆ ನಿಂತರೆ ಕಾಂಡದ ನಾಳದೊಳಗೆ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ನೀರಿನಲ್ಲಿ ಇಟ್ಟರೂ ಅದು ಸರಿಯಾಗಿ ಹೀರುವುದಿಲ್ಲ.

ಒಳಗೆ ತಂದ ಮೇಲೆ ನೀರೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ಕಾಂಡದ ತುದಿಯನ್ನು ಅರ್ಧ ಅಂಗುಲ ಓರೆಯಾಗಿ ಮತ್ತೊಮ್ಮೆ ಕತ್ತರಿಸಿ. ಓರೆಯಾಗಿದ್ದರೆ ತುದಿ ಪಾತ್ರೆಯ ತಳಕ್ಕೆ ಒತ್ತಿ ಮುಚ್ಚಿಕೊಳ್ಳುವುದಿಲ್ಲ. ಹಾಗೆಯೇ ಬಚ್ಚಲುಮನೆಯ ತಂಪಿನಲ್ಲಿ ನಾಲ್ಕೈದು ಗಂಟೆ ಬಕೆಟ್ಟಿನಲ್ಲೇ ಬಿಡಿ. ಜೋಡಿಸುವ ಆತುರದಲ್ಲಿ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಜೋಡಣೆ ಹತ್ತು ನಿಮಿಷದ ಕೆಲಸ. ಹೂ ನಾಲ್ಕು ದಿನ ನಿಲ್ಲುವುದು ಈ ನಾಲ್ಕು ಗಂಟೆಯ ಬಲದಿಂದ.

ಯಾವ ಹೂವನ್ನು ಯಾವಾಗ ಕತ್ತರಿಸಬೇಕೆಂಬುದಕ್ಕೆ ಒಂದೇ ನಿಯಮವಿಲ್ಲ. ಸುಗಂಧರಾಜವಾದರೆ ಕೆಳಗಿನ ಎರಡು ಮೂರು ಹೂ ಅರಳಿದಾಗ ಸಾಕು, ಉಳಿದವು ಮನೆಯಲ್ಲಿ ಅರಳುತ್ತವೆ. ಜೀನಿಯಾ ಹಾಗಲ್ಲ, ಮೊಗ್ಗಿನಲ್ಲಿ ಕತ್ತರಿಸಿದರೆ ಅರಳುವುದಿಲ್ಲ. ಹೂವಿನಿಂದ ಒಂದು ಗೇಣು ಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುತ್ತಿಗೆ ಬಳುಕಿದರೆ ಇನ್ನೆರಡು ದಿನ ಬಿಡಿ, ನೆಟ್ಟಗೆ ನಿಂತರೆ ಕತ್ತರಿಸಿ. ಜೀನಿಯಾ ಕಾಂಡ ಬೇಗ ಕೊಳೆಯುವುದರಿಂದ ಅದಕ್ಕೆ ಮೂರು ನಾಲ್ಕು ಅಂಗುಲ ನೀರು ಸಾಕು. ಕಣಗಿಲೆಯನ್ನು ನಾನು ಹೂದಾನಿಗೆ ಇಡುವುದೇ ಇಲ್ಲ. ಅದರ ಹಾಲು ವಿಷ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ನೀರಿಗೆ ಸಕ್ಕರೆ ಹಾಕಿ, ತಾಮ್ರದ ನಾಣ್ಯ ಹಾಕಿ, ಮಾತ್ರೆ ಪುಡಿ ಮಾಡಿ ಹಾಕಿ ಎಂದು ಹೇಳುವವರು ಬಹಳ. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಬ್ಯಾಕ್ಟೀರಿಯಾಕ್ಕೇ ಹೆಚ್ಚು ಊಟ. ನಾನು ದಿನವೂ ನೀರು ಬದಲಿಸುತ್ತೇನೆ, ಹೂದಾನಿಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜುತ್ತೇನೆ, ಅಷ್ಟೇ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ ಎಂಬುದೂ ನೆನಪಿರಲಿ.

ಹೂ ಕದಲದಂತೆ ನಿಲ್ಲಿಸಲು ಅಂಗಡಿಯ ಹಸಿರು ಸ್ಪಂಜು ಬೇಡ. ಅದು ಪ್ಲಾಸ್ಟಿಕ್ಕಿನ ಬಂಧು, ಮಣ್ಣಿಗೆ ಸೇರಿದರೂ ಕರಗದು. ದೇವರಾಜ ಮಾರುಕಟ್ಟೆಯಲ್ಲಿ ಒಂದು ತುಂಡು ಬಾಳೆದಿಂಡು ತಂದು, ಅಗಲ ಬಾಯಿಯ ಪಾತ್ರೆಗೆ ತಕ್ಕಂತೆ ಕೊಯ್ದು ಕೂರಿಸಿ. ಕಡ್ಡಿಯಿಂದ ತೂತು ಮಾಡಿ ಕಾಂಡ ಚುಚ್ಚಿದರೆ ಹೂ ಅಲುಗುವುದಿಲ್ಲ, ತೇವವೂ ಇರುತ್ತದೆ. ಬಾಳೆಯ ಕರೆ ಬಟ್ಟೆಗೆ ಅಂಟಿದರೆ ಹೋಗುವುದಿಲ್ಲ, ಹಳೆಯ ಸೀರೆ ಉಟ್ಟು ಕೂರಿ.

ಇನ್ನು ಒಣ ತೆನೆ, ಬೀಜಗೊಂಚಲುಗಳು. ನನಗೆ ಹಸಿ ಹೂವಿಗಿಂತ ಇವೇ ಹೆಚ್ಚು ಇಷ್ಟ. ಸಬ್ಬಸಿಗೆ ಹೂ ಬಿಟ್ಟಿತೆಂದು ಕಿತ್ತೆಸೆಯಬೇಡಿ, ಬೀಜ ಕಂದುಬಣ್ಣಕ್ಕೆ ತಿರುಗಿದಾಗ ಪುಟ್ಟ ಕೊಡೆಯಂತೆ ಕಾಣುತ್ತದೆ. ಕೋಳಿಜುಟ್ಟಿನ ಹೂ, ಒಣಗಿದ ತಾವರೆಯ ಬೀಜಕೋಶ, ಸುಗ್ಗಿಯಲ್ಲಿ ಎತ್ತಿಟ್ಟ ರಾಗಿ ತೆನೆ, ತಮ್ಮನ ಗದ್ದೆಯ ಕಬ್ಬಿನ ಹೂವಾದ ಸೂಲಂಗಿ ಎಲ್ಲವೂ ಒಂದೇ ಹಿತ್ತಾಳೆ ಚೊಂಬಿನಲ್ಲಿ ಹೊಂದಿಕೊಳ್ಳುತ್ತವೆ. ಐದಾರು ಒಣ ಕಡ್ಡಿಗಳ ನಡುವೆ ಮೂರು ಕೆಂಪು ಜೀನಿಯಾ ಸಾಕು. ತುಂಬಿ ತುರುಕಿದರೆ ಮದುವೆಮನೆಯ ವೇದಿಕೆಯಾಗುತ್ತದೆ. ಜೀನಿಯಾಕ್ಕೆ ನೀರು ಬೇಕು, ತೆನೆಗೆ ಬೇಡ. ಆದ್ದರಿಂದ ಚೊಂಬಿನೊಳಗೆ ಒಂದು ಗಾಜಿನ ಲೋಟ ಇಟ್ಟು ಹೂವನ್ನು ಅದರಲ್ಲಿ, ತೆನೆಯನ್ನು ಲೋಟದ ಹೊರಗೆ ನಿಲ್ಲಿಸಿ.

ಒಣಗಿಸುವ ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ, ಜೂನ್ ತಿಂಗಳ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸಣ್ಣ ಸಣ್ಣ ಕಟ್ಟು ಮಾಡಿ, ಬಿಸಿಲು ಬೀಳದ ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ವಾರ ತಲೆಕೆಳಗಾಗಿ ತೂಗುಹಾಕಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ರಾಗಿ ತೆನೆಯನ್ನು ಕಿಟಕಿಯ ಹತ್ತಿರ ಕಟ್ಟಬೇಡಿ, ಅಳಿಲು ಒಂದೇ ಮಧ್ಯಾಹ್ನದಲ್ಲಿ ಬರೀ ಕಡ್ಡಿ ಉಳಿಸಿ ಹೋಗಿದ್ದನ್ನು ಕಂಡಿದ್ದೇನೆ. ಕೋಳಿಜುಟ್ಟಿನ ಕೆಳಗೆ ಮಾತ್ರ ಹಳೆಯ ಪತ್ರಿಕೆ ಹಾಸಿಡಿ. ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಉದುರುತ್ತಿರುತ್ತದೆ. ಮಳೆ ಹಿಡಿದ ಮೇಲೆ ಅದನ್ನು ಬೇಲಿಯ ಉದ್ದಕ್ಕೂ ಚೆಲ್ಲಿದರಾಯಿತು.